ತಾರಿಯ ಸುಂಕ, ಹೊಟ್ಟೆಯೊಳಗಿನ ಮಗು

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೋಣಿ, ಹಡಗುಗಳ ಮೇಲ್ವಿಚಾರಕನಾದ ನಾವಧ್ಯಕ್ಷನ ಕೆಲಸಗಳನ್ನು ಹೇಳುವ ಒಂದು ಅಧ್ಯಾಯವಿದೆ. ಹೊಳೆ ದಾಟುವಾಗ ತಲೆಹೊರೆಗೆ ಎಷ್ಟು, ದನಕ್ಕೆ ಎಷ್ಟು, ಗಾಡಿಗೆ ಎಷ್ಟು ಎಂಬ ಒಣ ಲೆಕ್ಕದ ನಡುವೆ ಅಲ್ಲೊಂದು ವಿನಾಯಿತಿಯ ಪಟ್ಟಿ ಬರುತ್ತದೆ. ಬ್ರಾಹ್ಮಣರು, ಸನ್ಯಾಸಿಗಳು, ಮಕ್ಕಳು, ಮುದುಕರು, ರೋಗಿಗಳು, ರಾಜನ ಓಲೆಕಾರರು, ಗರ್ಭಿಣಿಯರು ಇವರೆಲ್ಲ ಅಧ್ಯಕ್ಷನ ಮುದ್ರೆ ತೋರಿಸಿ ಪುಕ್ಕಟೆ ದಾಟಬಹುದು. ಮನುಸ್ಮೃತಿಯೂ ಎರಡು ತಿಂಗಳು ಕಳೆದ ಗರ್ಭಿಣಿಯಿಂದ ತಾರಿಯ ಸುಂಕ ಕೇಳಬಾರದು ಎನ್ನುತ್ತದೆ. ಮಗುವಿನ ಕಾರಣಕ್ಕೆ ಸುಂಕ ಬಿಟ್ಟ ನಮ್ಮ ಹಳೆಯ ನಿಯಮಗಳಲ್ಲಿ ಇವೂ ಸೇರುತ್ತವೆ. ಕೌಟಿಲ್ಯನ ಆ ಪಟ್ಟಿಯಲ್ಲಿ ಒಂದು ಒಗಟಿದೆ. ರೋಗಿಗೆ ಸುಂಕ ಬಿಟ್ಟದ್ದು ಕನಿಕರದಿಂದ. ಓಲೆಕಾರನಿಗೆ ಬಿಟ್ಟದ್ದು ಅವನು ತನ್ನ ಕೆಲಸಕ್ಕಲ್ಲದೆ ನಾಡಿನ ಕೆಲಸಕ್ಕೆ ಹೊರಟಿದ್ದಾನೆ ಎಂಬುದಕ್ಕೆ. ಹಾಗಾದರೆ ಗರ್ಭಿಣಿಯನ್ನು ದೋಣಿಯಲ್ಲಿ ಎಲ್ಲಿ ಕೂರಿಸಬೇಕು? ರೋಗಿಯ ಪಕ್ಕದಲ್ಲೋ, ಓಲೆಕಾರನ ಪಕ್ಕದಲ್ಲೋ? ಮಕ್ಕಳಿರುವ ಮನೆಗೆ ಸರ್ಕಾರ ತೆರಿಗೆಯಲ್ಲಿ ಏನಾದರೂ ಬಿಟ್ಟುಕೊಟ್ಟರೆ ಅದು ದಯೆಯೋ ಬಾಕಿಯ ತೀರುವಳಿಯೋ ಎಂಬ ಇಂದಿನ ಪ್ರಶ್ನೆ ಅಂದಿನ ಈ ಒಗಟಿನಲ್ಲೇ ಅಡಗಿದೆ. ಉತ್ತರ ಯಾವುದೆಂದು ಒಪ್ಪುತ್ತೇವೋ ಅದರ ಮೇಲೆ ಕಾನೂನಿನ ಆಕಾರವೂ, ಅದನ್ನು ಕೇಳಿ ಪಡೆಯುವವರ ಮುಖದ ಭಾವವೂ ನಿಲ್ಲುತ್ತವೆ.

ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಗಂಗಾವಳಿ. ಈ ಎರಡು ಹೊಳೆಗಳ ನಡುವೆ, ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಅಮದಳ್ಳಿ ಇದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಈ ಕರಾವಳಿಯ ಹಲವು ಊರುಗಳು ಗದ್ದೆ, ಮನೆ, ಸಮುದ್ರದ ದಾರಿ ಬಿಟ್ಟುಕೊಟ್ಟವು. ಈಗ ಒಂದೇ ಓಣಿಯಲ್ಲಿ ಸಂಬಳದ ಮನೆ, ಗೇಣಿಯ ಮನೆ, ಮೀನಿನ ಮನೆ ಇರುವ ಕರಾವಳಿ ಇದು. ಇಲ್ಲಿ ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ ಮೇಲಿನ ಹುದ್ದೆಯ ಅಧಿಕಾರಿ, ಇನ್ನೊಂದರಲ್ಲಿ ಮಾಸ್ತರರು, ಮೂರನೆಯದರಲ್ಲಿ ಬೋಟಿಗೆ ಹೋಗುವವನು. ಮೂವರ ಮಕ್ಕಳೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ತಲಾ 40,000 ರೂಪಾಯಿ ಬೋಧನಾ ಶುಲ್ಕ ಕಟ್ಟುತ್ತಾರೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಈ ಶುಲ್ಕವನ್ನು 80ಸಿ ಕಲಮಿನಡಿ ಆದಾಯದಿಂದ ಕಳೆಯಬಹುದು. ಶೇ 30ರ ಹಂತದಲ್ಲಿರುವ ಅಧಿಕಾರಿಗೆ ಸೆಸ್ ಬಿಟ್ಟು 12,000 ರೂಪಾಯಿ ಉಳಿಯುತ್ತದೆ. ಶೇ 20ರ ಹಂತದ ಮಾಸ್ತರರಿಗೆ 8,000 ಉಳಿಯುತ್ತದೆ. ಬೋಟಿನವನಿಗೆ ಆದಾಯ ತೆರಿಗೆಯೇ ಇಲ್ಲದ ಕಾರಣ ಕಳೆಯುವುದಕ್ಕೂ ಏನೂ ಇಲ್ಲ, ಅವನಿಗೆ ಸೊನ್ನೆ. ಬೆಂಚು ಒಂದೇ, ಪುಸ್ತಕ ಒಂದೇ, ಆದರೆ ನಾಡು ಒಂದು ಮಗುವಿನ ಓದಿಗೆ 12,000 ತೂಗಿ ಇನ್ನೊಂದರ ಓದಿಗೆ ತಕ್ಕಡಿಯನ್ನೇ ಎತ್ತಲಿಲ್ಲ. ಆದಾಯದಲ್ಲಿ ಕಳೆಯುವ ರಿಯಾಯಿತಿಯ ಗುಣವೇ ಇದು, ಹೆಚ್ಚು ಇದ್ದವನಿಗೆ ಹೆಚ್ಚು. ತೆರಿಗೆಯ ಮೊತ್ತದಲ್ಲೇ ಪ್ರತಿ ಮಗುವಿಗೆ ಇಂತಿಷ್ಟು ಎಂದು ಕಳೆದು, ಕಳೆಯಲು ತೆರಿಗೆ ಸಾಲದವರಿಗೆ ಉಳಿದದ್ದನ್ನು ಕೈಗೆ ಕೊಡುವುದು ಬೇರೆಯೇ ಬಗೆ. ಆ ಬಗೆಯ ಏರ್ಪಾಡು ನಮ್ಮ ಆದಾಯ ತೆರಿಗೆಯಲ್ಲಿ ಇಲ್ಲ.

ಮೊದಲು ತತ್ತ್ವದ ಮಾತು. ಹುಟ್ಟುವಾಗಲೇ ಮನುಷ್ಯ ಮೂರು ಋಣ ಹೊತ್ತು ಬರುತ್ತಾನೆ, ಋಷಿಗಳಿಗೆ ಅಧ್ಯಯನದಿಂದ, ದೇವತೆಗಳಿಗೆ ಯಜ್ಞದಿಂದ, ಪಿತೃಗಳಿಗೆ ಸಂತಾನದಿಂದ ಅದನ್ನು ತೀರಿಸುತ್ತಾನೆ ಎಂಬ ಮಾತು ತೈತ್ತಿರೀಯ ಸಂಹಿತೆಯಲ್ಲಿದೆ. ಶತಪಥ ಬ್ರಾಹ್ಮಣ ಇದಕ್ಕೆ ನಾಲ್ಕನೆಯದನ್ನು, ಮನುಷ್ಯರಿಗೆ ಸಲ್ಲಬೇಕಾದ ಋಣವನ್ನು ಸೇರಿಸುತ್ತದೆ. ಸಂಹಿತೆ ಈ ಮಾತನ್ನು ಬ್ರಾಹ್ಮಣನನ್ನು ಕುರಿತು ಹೇಳಿದ್ದು ನಿಜ, ಆದರೆ ಕಲ್ಪನೆ ಅಲ್ಲಿಗೆ ನಿಲ್ಲಲಿಲ್ಲ. ‘ಹೆತ್ತವರ ಋಣ’, ‘ಅನ್ನದ ಋಣ’, ‘ಊರಿನ ಋಣ’ ಎಂದು ಎಲ್ಲ ಜಾತಿಯ ಮನೆಗಳ ಮಾತಿಗೂ ಅದು ಇಳಿದಿದೆ. ಈ ಕಲ್ಪನೆಯಲ್ಲಿ ಗಮನಿಸಬೇಕಾದ ವಿಚಿತ್ರವೊಂದಿದೆ. ಸಾಮಾನ್ಯವಾಗಿ ಸಾಲವನ್ನು ಕೊಟ್ಟವನಿಗೇ ಹಿಂತಿರುಗಿಸುತ್ತೇವೆ. ಪಿತೃಋಣವನ್ನು ಮಾತ್ರ ಕೊಟ್ಟವರಿಗೆ ತೀರಿಸಲಾಗುವುದಿಲ್ಲ, ಅದನ್ನು ಮುಂದೆ ಬರುವವರಿಗೇ ಕೊಡಬೇಕು. ಅಜ್ಜಿ ಉಣಿಸಿದ ಗಂಜಿಯ ಲೆಕ್ಕ ಮೊಮ್ಮಗಳ ಬಟ್ಟಲಲ್ಲಿ ಚುಕ್ತಾ ಆಗುತ್ತದೆ. ಹೀಗೆ ಯೋಚಿಸಿದರೆ ಮಗುವನ್ನು ಸಾಕುವವರು ತಮ್ಮ ಹವ್ಯಾಸಕ್ಕೆ ಖರ್ಚು ಮಾಡುವವರಾಗಿ ಕಾಣುವುದಿಲ್ಲ. ಎಲ್ಲರೂ ಹೊತ್ತ ಒಂದು ಸಾಲದ ಕಂತನ್ನು ಅವರು ತಮ್ಮ ಕೈಯಿಂದ ಕಟ್ಟುತ್ತಿದ್ದಾರೆ. ಹಾಗೆ ಕಟ್ಟುವವರ ಕೈ ಸೋತಾಗ ಉಳಿದವರು ತಮ್ಮ ಪಾಲು ಹಾಕುವುದನ್ನು ದಾನ ಎನ್ನಲಾಗದು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಶರಣರು ಆ ಏರುತಗ್ಗನ್ನು ಅಳಿಸಿ ದಾಸೋಹ ಎಂಬ ಮಾತನ್ನು ಮುಂದಿಟ್ಟರು, ಕೊಡುವವನೇ ಅಲ್ಲಿ ದಾಸ. ಶಾಲೆಯ ಬಿಸಿಯೂಟಕ್ಕೆ ಕರ್ನಾಟಕ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಾಗ ಗೊತ್ತಿದ್ದೋ ಗೊತ್ತಿಲ್ಲದೆಯೋ ಸರ್ಕಾರ ತನ್ನನ್ನು ಆ ಜಾಗದಲ್ಲಿ ನಿಲ್ಲಿಸಿಕೊಂಡಿತು. ಆದಾಯ ತೆರಿಗೆಯ ಕಾಯ್ದೆಗೆ ಮಾತ್ರ ಆ ಹೆಸರಿನ ಗಾಳಿ ತಾಕಿಲ್ಲ.

ಕಾಯ್ದೆ ಮಗುವನ್ನು ಹೇಗೆ ಕಂಡಿದೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. 1950ರ ದಶಕದ ಕೊನೆಗೆ ತೆರಿಗೆ ಬೀಳದ ಆದಾಯದ ಮಿತಿಯೇ ಮಕ್ಕಳನ್ನು ನೋಡಿ ನಿಗದಿಯಾಗುತ್ತಿತ್ತು. ಒಂದು ಮಗುವಿದ್ದ ವಿವಾಹಿತರಿಗೆ 3,300 ರೂಪಾಯಿ, ಇಬ್ಬರಿದ್ದರೆ 3,600. ಆ ಏರ್ಪಾಡು ಮುಂದೆ ಬಿದ್ದುಹೋಗಿ ಮಗು ಕಾಯ್ದೆಯ ಮೂಲೆಮುರುಕುಗಳಲ್ಲಿ ಉಳಿಯಿತು. ಹಳೆಯ ಪದ್ಧತಿಯಲ್ಲಿ ಬೋಧನಾ ಶುಲ್ಕದ ಕಳೆತ ಪ್ರತಿ ತೆರಿಗೆದಾರರಿಗೆ ಇಬ್ಬರು ಮಕ್ಕಳ ಮಟ್ಟಿಗೆ ಸಿಗುತ್ತದೆ. ದೇಶದೊಳಗಿನ ಪೂರ್ಣಾವಧಿ ಶಿಕ್ಷಣಕ್ಕೆ ಮಾತ್ರ ಅದು ಅನ್ವಯ. ಡೊನೇಷನ್, ಅಭಿವೃದ್ಧಿ ಶುಲ್ಕ, ಶಾಲಾ ವಾಹನದ ಬಾಡಿಗೆ ಲೆಕ್ಕಕ್ಕಿಲ್ಲ. ಅದೂ ಭವಿಷ್ಯನಿಧಿ, ಜೀವವಿಮೆ, ಮನೆಸಾಲದ ಅಸಲು, ಸುಕನ್ಯಾ ಸಮೃದ್ಧಿ ಎಲ್ಲದರ ಜೊತೆ 1.5 ಲಕ್ಷದ ಒಂದೇ ಚೀಲದಲ್ಲಿ ತುರುಕಿಕೊಳ್ಳಬೇಕು. ಸಂಬಳದೊಂದಿಗೆ ಬರುವ ಮಕ್ಕಳ ಶಿಕ್ಷಣ ಭತ್ಯೆಗೆ ತಿಂಗಳಿಗೆ 100 ರೂಪಾಯಿ, ಹಾಸ್ಟೆಲ್ ಭತ್ಯೆಗೆ 300 ರೂಪಾಯಿ ವಿನಾಯಿತಿ ಎಂಬ ನಿಯಮ ದಶಕಗಳ ಕಾಲ ಅಲುಗಲಿಲ್ಲ. 100 ರೂಪಾಯಿಗೆ ಒಂದು ಮಗುವಿನ ತಿಂಗಳ ಹಾಲೂ ಬಾರದು. ಉನ್ನತ ಶಿಕ್ಷಣದ ಸಾಲದ ಬಡ್ಡಿಗೆ 80ಇ ಕಲಮಿನಡಿ ಎಂಟು ವರ್ಷಗಳ ತನಕ ಮಿತಿಯಿಲ್ಲದ ಕಳೆತವಿದೆ, ಅಂಗವೈಕಲ್ಯವಿರುವ ಅವಲಂಬಿತರಿಗಾಗಿ 80ಡಿಡಿ ಅಡಿ 75,000, ತೀವ್ರವಾಗಿದ್ದರೆ 1,25,000 ರೂಪಾಯಿ ಇದೆ. ಇವು ನಿಜಕ್ಕೂ ತೂಕವುಳ್ಳವು. ಆದರೆ 2023ರಿಂದ ತಾನೇ ತಾನಾಗಿ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಇವುಗಳಲ್ಲಿ ಯಾವುದೂ ಇಲ್ಲ. 2025–26ರಿಂದ ಅಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ 87ಎ ರಿಬೇಟಿನಿಂದ ತೆರಿಗೆ ಬೀಳುವುದಿಲ್ಲ, ಸಂಬಳದಾರರಿಗೆ 75,000 ರೂಪಾಯಿಯ ಪ್ರಮಾಣಿತ ಕಳೆತ ಬೇರೆ. ದೊಡ್ಡ ಉಪಕಾರವೇ. ಆದರೆ ಆ ರಿಬೇಟು ಒಂಟಿ ಯುವಕನನ್ನೂ ಮೂವರು ಮಕ್ಕಳ ತಾಯಿಯನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದು ಇಲ್ಲಿ ಹೇಳಿದ ಕಲಮುಗಳ ಸಂಖ್ಯೆ ಬದಲಾದರೂ ಈ ನೋಟ ಬದಲಾಗಿಲ್ಲ.

ಕಾಯ್ದೆಗೆ ಮಗು ಕಾಣುವುದೇ ಇಲ್ಲ ಎಂದರೆ ಅದೂ ತಪ್ಪು. ಮಗುವಿನ ಹೆಸರಿನಲ್ಲಿ ಹಣ ಬಂದಾಗ ಅದಕ್ಕೆ ಮಗು ಚೆನ್ನಾಗಿ ಕಾಣುತ್ತದೆ. ಜಮೀನಿನ ಪರಿಹಾರದ ದುಡ್ಡೋ ಅಜ್ಜನ ಉಳಿತಾಯವೋ ಅಪ್ರಾಪ್ತ ಮಗುವಿನ ಹೆಸರಿನಲ್ಲಿ ಬ್ಯಾಂಕಿನ ಠೇವಣಿಯಾದರೆ, ಅದರ ಬಡ್ಡಿಯನ್ನು ಕಾಯ್ದೆ (1961ರದರಲ್ಲಿ 64(1ಎ) ಕಲಮು) ತಂದೆತಾಯಿಯರಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರಿಸುತ್ತದೆ. ಮಗು ತನ್ನ ಮೈದುಡಿಮೆಯಿಂದಲೋ ಪ್ರತಿಭೆಯಿಂದಲೋ ಗಳಿಸಿದ್ದು ಹೊರಗೆ ಉಳಿಯುತ್ತದೆ. ಹಳೆಯ ಪದ್ಧತಿ ಪ್ರತಿ ಮಗುವಿಗೆ 1,500 ರೂಪಾಯಿ ಬಿಡುತ್ತಿತ್ತು, ಹೊಸ ಪದ್ಧತಿ ಅದನ್ನೂ ಬಿಡುವುದಿಲ್ಲ. ತೆರಿಗೆ ತಪ್ಪಿಸಲು ಮಕ್ಕಳ ಹೆಸರನ್ನು ಬಳಸಬಾರದು ಎಂಬ ಉದ್ದೇಶ ಸರಿಯಾದದ್ದೇ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ಆದಾಯ ಬರುವಾಗ ಮಗು ಹೆತ್ತವರದು, ಖರ್ಚು ಬರುವಾಗ ಯಾರದೂ ಅಲ್ಲ ಎಂಬಂತೆ ಕಾಣುತ್ತದೆ. ಇತ್ತ ಹಿಂದೂ ಅವಿಭಕ್ತ ಕುಟುಂಬಕ್ಕೆ ಕಾಯ್ದೆ ಪ್ರತ್ಯೇಕ ವ್ಯಕ್ತಿಯ ಸ್ಥಾನ ಕೊಟ್ಟಿದೆ. ಪಿತ್ರಾರ್ಜಿತವಿರುವ ಮನೆ ಆ ಹೆಸರಿನಲ್ಲಿ ಇನ್ನೊಂದು ಪ್ಯಾನ್ ಮಾಡಿಸಿ ಇನ್ನೊಂದು ಮಿತಿಯ ಲಾಭ ಪಡೆಯಬಹುದು. ಪಕ್ಕದ ಕ್ರೈಸ್ತ, ಮುಸ್ಲಿಂ ಮನೆಗಳಿಗೆ ಅದಿಲ್ಲ. ಆಸ್ತಿಯಿಲ್ಲದ ಹಾಲಕ್ಕಿ ಒಕ್ಕಲಿಗರ ಮನೆಗೆ ಹೆಸರಿಗೆ ಇದ್ದರೂ ಉಪಯೋಗವಿಲ್ಲ. ಧರ್ಮಶಾಸ್ತ್ರದಿಂದ ಕಾಯ್ದೆ ಆಸ್ತಿಯ ವಂಶವನ್ನು ಎತ್ತಿಕೊಂಡಿತು, ಆಸ್ತಿಗಿಂತ ಹಿರಿದಾದ ಋಣದ ಮಾತನ್ನು ಅಲ್ಲಿಯೇ ಬಿಟ್ಟು ಬಂತು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಬಡವರ ಮಕ್ಕಳಿಗೆ ಅಂಗನವಾಡಿಯಿದೆ, ಬಿಸಿಯೂಟವಿದೆ, ಕ್ಷೀರಭಾಗ್ಯದ ಹಾಲಿದೆ, 2023ರ ಆಗಸ್ಟ್‌ನಿಂದ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿಯಿದೆ. ತೆರಿಗೆ ಕಟ್ಟುವವರಿಗೆ ರಿಯಾಯಿತಿ, ಕಟ್ಟದವರಿಗೆ ಯೋಜನೆ, ಇದರಲ್ಲಿ ತಪ್ಪೇನು? ಮಾತಿನಲ್ಲಿ ಹುರುಳಿದೆ. ಆದರೆ ‘ತೆರಿಗೆ ಕಟ್ಟದವರು’ ಎಂಬ ಪದವೇ ಮೊದಲ ತಪ್ಪು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್ ಆಗಿ ಬೋಟು ದಡ ಸೇರಿದಾಗಲೂ ಆ ಮನೆ ಸಾಬೂನು ಕೊಳ್ಳುತ್ತದೆ, ಬಿಸ್ಕೀಟು ಕೊಳ್ಳುತ್ತದೆ, ಜಿಎಸ್‌ಟಿ ಕಟ್ಟುತ್ತದೆ. 2025ರ ಸೆಪ್ಟೆಂಬರ್ 22ರಂದು ಪೆನ್ಸಿಲು, ರಬ್ಬರು, ನೋಟುಬುಕ್ಕಿನ ಮೇಲಿನ ತೆರಿಗೆ ಪೂರ್ತಿ ಹೋಯಿತು, ಹಾಲೂಡುವ ಬಾಟಲಿಯದು ಶೇ 12ರಿಂದ 5ಕ್ಕೆ ಇಳಿಯಿತು. ಅಂದರೆ ಅಲ್ಲಿಯವರೆಗೆ ಪ್ರತಿ ಬಡ ಮಗುವಿನ ಪೆನ್ಸಿಲಿನಲ್ಲೂ ಒಂದು ಪಾಲು ಖಜಾನೆಗೆ ಹೋಗುತ್ತಿತ್ತು ಎಂದು ಸರ್ಕಾರವೇ ಒಪ್ಪಿಕೊಂಡಂತೆ. ಎರಡನೆಯದಾಗಿ, ಗೃಹಲಕ್ಷ್ಮಿಯ ನಿಯಮ ನೋಡಿ. ಮನೆಯೊಡತಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣವಿಲ್ಲ. ಹೆದ್ದಾರಿ ಪಕ್ಕದ ಸಣ್ಣ ಅಂಗಡಿಯವನು ಜಿಎಸ್‌ಟಿ ರಿಟರ್ನ್ ತುಂಬಿದ ಮಾತ್ರಕ್ಕೆ ಅವನ ಹೆಂಡತಿ ಯೋಜನೆಯಿಂದ ಹೊರಗೆ. ಅವನ ಆದಾಯ ತೆರಿಗೆಯ ಮಿತಿಗಿಂತ ಕೆಳಗಿರುವುದರಿಂದ ರಿಯಾಯಿತಿಯಿಂದಲೂ ಹೊರಗೆ. ಎರಡು ದಾರಿಗಳ ನಡುವೆ ಬಿದ್ದ ಆ ಮನೆಯ ಮಗುವಿಗೆ ಯಾವ ದೋಣಿಯೂ ಇಲ್ಲ. ಗೃಹಲಕ್ಷ್ಮಿ ಮಕ್ಕಳನ್ನು ಎಣಿಸುವುದೂ ಇಲ್ಲ, ಅದರ ಲೆಕ್ಕ ಒಡತಿಯದು, ಮಗುವಿನದಲ್ಲ.

ಮಗುವಿಗೇ ಅಂಟಿಕೊಂಡ ಹಕ್ಕು ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಬೇರೆ ನಾಡುಗಳು ಸಾಕ್ಷಿ ಕೊಟ್ಟಿವೆ. ಬ್ರಿಟನ್ನಿನಲ್ಲಿ 1945ರ ಕುಟುಂಬ ಭತ್ಯೆ ಕಾಯ್ದೆಯ ಮಸೂದೆ ಹಣವನ್ನು ಅಪ್ಪನಿಗೆ ಕೊಡಹೊರಟಾಗ ಸಂಸದೆ ಎಲಿನರ್ ರಾಥ್‌ಬೋನ್ ಹಟ ಹಿಡಿದು ಅದನ್ನು ತಾಯಿಯ ಕೈಗೆ ತಂದರು. ಮುಂದೆ 1970ರ ದಶಕದ ಕೊನೆಗೆ ಆ ದೇಶ ಅಪ್ಪನ ತೆರಿಗೆಯಲ್ಲಿ ಸಿಗುತ್ತಿದ್ದ ಮಕ್ಕಳ ರಿಯಾಯಿತಿಯನ್ನೂ ಈ ಭತ್ಯೆಯನ್ನೂ ಕಲಸಿ, ಪ್ರತಿ ಮಗುವಿಗೆ ತಾಯಿಗೆ ಸಲ್ಲುವ ಒಂದೇ ಮೊತ್ತ ಮಾಡಿತು. ಅಮೆರಿಕ 2021ರಲ್ಲಿ ಒಂದು ವರ್ಷದ ಮಟ್ಟಿಗೆ ಮಕ್ಕಳ ತೆರಿಗೆ ರಿಯಾಯಿತಿಯನ್ನು ಆರು ವರ್ಷದೊಳಗಿನವರಿಗೆ 3,600 ಡಾಲರಿಗೆ, ದೊಡ್ಡವರಿಗೆ 3,000 ಡಾಲರಿಗೆ ಏರಿಸಿ, ತೆರಿಗೆಯೇ ಇಲ್ಲದ ಮನೆಗೂ ಪೂರ್ತಿ ಕೊಟ್ಟಿತು. ಸರ್ಕಾರಿ ನೆರವನ್ನೂ ಎಣಿಸುವ ಅಲ್ಲಿನ ಪೂರಕ ಮಾಪನದಲ್ಲಿ ಮಕ್ಕಳ ಬಡತನ ಆ ವರ್ಷ ಶೇ 5.2ಕ್ಕೆ ಇಳಿಯಿತು. ಏರಿಕೆ ಹಿಂತೆಗೆದ ಮರುವರ್ಷ ಶೇ 12.4ಕ್ಕೆ ನೆಗೆಯಿತು. ಇನ್ನೂ ಹಳೆಯ ಕಥನವೊಂದು ಇಸ್ಲಾಮಿನ ಪರಂಪರೆಯಲ್ಲಿದೆ. ಖಲೀಫ ಉಮರ್ ಹಾಲು ಬಿಟ್ಟ ಮಕ್ಕಳಿಗೆ ಬೊಕ್ಕಸದಿಂದ ವೇತನ ಗೊತ್ತುಮಾಡಿದ್ದರು. ಒಂದು ರಾತ್ರಿ ಅಳುವ ಕೂಸಿನ ತಾಯಿಯನ್ನು ಕೇಳಿದಾಗ, ವೇತನ ಸಿಗಲೆಂದೇ ಮಗುವಿಗೆ ಅವಧಿಗೆ ಮುನ್ನ ಹಾಲು ಬಿಡಿಸುತ್ತಿದ್ದಾಳೆಂದು ತಿಳಿಯಿತು. ಅವರು ನಡುಗಿಹೋಗಿ, ಹುಟ್ಟಿದ ದಿನದಿಂದಲೇ ವೇತನವೆಂದು ಸಾರಿದರು. ಷರತ್ತು ತಪ್ಪಾದರೆ ಕನಿಕರವೇ ಮಗುವಿನ ಬಾಯಿಂದ ಹಾಲು ಕಸಿಯಬಲ್ಲದು ಎಂಬುದು ಆ ಕಥನದ ತಿರುಳು. ಜಿಎಸ್‌ಟಿ ರಿಟರ್ನಿನ ಷರತ್ತನ್ನು ಅದರ ಎದುರು ಇಟ್ಟು ನೋಡಬಹುದು.

ಉಳಿದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಮಕ್ಕಳಿಲ್ಲದವರದು. ನಾವು ಹೆರಲಿಲ್ಲ, ಯಾರದೋ ಮಗುವಿಗೆ ನಾವೇಕೆ ಹೆಚ್ಚು ಕಟ್ಟಬೇಕು ಎಂದು ಅವರು ಕೇಳಬಹುದು. ಋಣದ ತರ್ಕಕ್ಕೆ ಇಲ್ಲಿ ಉತ್ತರವಿದೆ. ಅವರನ್ನೂ ಯಾರೋ ಸಾಕಿದ್ದಾರೆ. ಆ ಸಾಲ ಮುಂದಿನವರಿಗೆ ಸಲ್ಲಬೇಕಾದದ್ದು, ಹೆತ್ತು ಸಲ್ಲಿಸುವುದು ಅದರ ಒಂದು ದಾರಿ ಮಾತ್ರ. ಹೆರದೆಯೇ ಪಿತೃಋಣ ತೀರಿಸುವ ದಾರಿ ತೆರಿಗೆಯಿಂದ ಸಿಗುವುದಾದರೆ, ಬಂಜೆಯೆಂದು ಹೆಣ್ಣನ್ನು ಹೀಗಳೆದ ಹಳೆಯ ಓದಿಗಿಂತ ಇದು ಹೆಚ್ಚು ಮಾನವೀಯವಾದ ಓದು. ಮುಪ್ಪಿನಲ್ಲಿ ಅವರಿಗೆ ಸೂಜಿ ಚುಚ್ಚುವ ನರ್ಸು, ಅವರ ಪಿಂಚಣಿಗೆ ತೆರಿಗೆ ಕಟ್ಟುವ ದುಡಿಮೆಗಾರ ಇಂದಿನ ಯಾವುದೋ ಮನೆಯ ಮಗುವೇ. ಇನ್ನೊಂದು ಆಕ್ಷೇಪ ಜನಸಂಖ್ಯೆಯದು. ರಿಯಾಯಿತಿ ಕೊಟ್ಟರೆ ಜನ ಹೆಚ್ಚು ಹೆರುತ್ತಾರೆ ಎಂಬ ಭಯ ಕರ್ನಾಟಕಕ್ಕೆ ಈಗ ಒಗ್ಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲವಂತಿಕೆ ದರ 1.7. ಒಂದು ತಲೆಮಾರು ತನ್ನ ಸಂಖ್ಯೆಯನ್ನು ಕಾಯ್ದುಕೊಳ್ಳಲು ಬೇಕಾದ 2.1ಕ್ಕಿಂತ ಅದು ಕೆಳಗಿದೆ. ಭಯದ ಮಾತು ಹಾಗಿರಲಿ, ಮೂರನೆಯದಾಗಿ ಹುಟ್ಟಿದ ಮಗು ತನ್ನ ಸರದಿಯನ್ನು ತಾನು ಆರಿಸಿಕೊಂಡಿಲ್ಲ. ತೆರಿಗೆ ಪದ್ಧತಿ ಸರಳವಾಗಿರಬೇಕು, ಕಳೆತಗಳು ಹೆಚ್ಚಿದಷ್ಟೂ ಗೋಜಲು ಎನ್ನುವವರ ಮಾತು ಪೂರ್ತಿ ಒಪ್ಪತಕ್ಕದ್ದು. ಮಗುವಿಗೆ ಇಂತಿಷ್ಟು ಎಂಬ ಒಂದೇ ಮೊತ್ತ, ರಸೀದಿ ಬೇಡದ, ಶಾಲೆ ಯಾವುದೆಂದು ಕೇಳದ ಮೊತ್ತ, 80ಸಿಯ ಚೀಲಕ್ಕಿಂತ ಎಷ್ಟೋ ಸರಳ.

ಎಲ್ಲಕ್ಕಿಂತ ನಯವಾದ ಆಕ್ಷೇಪ ಧರ್ಮದ ಕಡೆಯಿಂದಲೇ ಬರುತ್ತದೆ. ಪ್ರೀತಿಗೆ ಲೆಕ್ಕ ಹಚ್ಚಬಾರದು, ಸಾಕಿದ್ದಕ್ಕೆ ಸರ್ಕಾರದಿಂದ ದುಡ್ಡು ಕೇಳುವುದು ಮಮತೆಗೆ ಬೆಲೆ ಕಟ್ಟಿದಂತೆ, ನಿಷ್ಕಾಮ ಕರ್ಮಕ್ಕೆ ಕೂಲಿ ಬೇಡಿದಂತೆ ಎಂಬುದು ಅದರ ಸಾರ. ಆದರೆ ಲೆಕ್ಕ ಹಚ್ಚುತ್ತಿರುವುದು ಪ್ರೀತಿಗಲ್ಲ, ಅಕ್ಕಿಗೆ, ಫೀಸಿಗೆ, ಜ್ವರದ ಔಷಧಿಗೆ. ತೆರಿಗೆಯ ಮೂಲತತ್ತ್ವವೇ ಅವರವರ ಶಕ್ತಿಗೆ ತಕ್ಕಂತೆ ಎಂಬುದು. ಒಂದೇ ಸಂಬಳದಲ್ಲಿ ಒಬ್ಬ ಉಣ್ಣುವ ಮನೆ, ಐವರು ಉಣ್ಣುವ ಮನೆ ಎರಡರ ಶಕ್ತಿಯೂ ಒಂದೇ ಎನ್ನುವುದು ಲೆಕ್ಕದ ತಪ್ಪು. ತಪ್ಪು ಲೆಕ್ಕವನ್ನು ಮೌನವಾಗಿ ಒಪ್ಪಿಕೊಳ್ಳುವುದನ್ನು ನಿಷ್ಕಾಮ ಎನ್ನಲಾಗದು. ಕೌಟಿಲ್ಯ ಶಕ್ತಿಯಿದ್ದೂ ಹೆಂಡತಿ, ಮಕ್ಕಳು, ತಂದೆತಾಯಿಯರನ್ನು ಸಾಕದವನಿಗೆ 12 ಪಣ ದಂಡ ಹೇಳುತ್ತಾನೆ, ಜೊತೆಗೇ ಅನಾಥ ಮಕ್ಕಳನ್ನು, ದಿಕ್ಕಿಲ್ಲದ ಬಸುರಿಯನ್ನು, ಅವಳು ಹೆತ್ತ ಕೂಸನ್ನು ರಾಜ ಪೋಷಿಸಬೇಕೆನ್ನುತ್ತಾನೆ. ಮನೆಯ ಹೊಣೆ, ನಾಡಿನ ಹೊಣೆ ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ನಾಡು ಕೊಟ್ಟರೆ ಅಪ್ಪ ಅಮ್ಮ ಹೊಣೆ ಕಳಚಿಕೊಳ್ಳುತ್ತಾರೆ ಎಂಬ ಭಯ ಅವನಿಗೆ ಇರಲಿಲ್ಲ.

ಕೇಳುವುದಕ್ಕೆ ನಾಚಿಕೆ ಬೇಡ ಎನ್ನಲು ಅಮದಳ್ಳಿಯ ಈ ಕರಾವಳಿಗೆ ಇನ್ನೊಂದು ಅರ್ಹತೆಯೂ ಇದೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪು ತಯಾರಾಯಿತು. ಮುಂದಿನ ವರ್ಷಗಳಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕಟ್ಟುವುದಿಲ್ಲವೆಂದು ನಿಂತು ಹೊಲ, ಮನೆ, ದನಕರು ಜಪ್ತಿಯಾಗುವುದನ್ನು ನೋಡಿದರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಅಂಕೋಲೆಗೆ ಪುಕ್ಕಟೆ ಬಂದದ್ದಲ್ಲ. ಕರನಿರಾಕರಣೆಯ ಅರ್ಥ ಕರವೇ ಬೇಡ ಎಂದಾಗಿರಲಿಲ್ಲ. ನಮ್ಮನ್ನು ಲೆಕ್ಕಕ್ಕೆ ಹಿಡಿಯದವರಿಗೆ ನಾವು ಲೆಕ್ಕ ಒಪ್ಪಿಸುವುದಿಲ್ಲ ಎಂಬುದು ಅದರ ಅರ್ಥ. ಸ್ವರಾಜ್ಯದಲ್ಲಿ ಅದೇ ಮಾತಿನ ಮತ್ತೊಂದು ಮಗ್ಗುಲು ಲೆಕ್ಕವನ್ನು ಓದಿ, ಸಲ್ಲಬೇಕಾದದ್ದನ್ನು ಕೇಳುವುದು. ಕಾಯ್ದೆ ಬದಲಾಗುವ ತನಕ ಇದ್ದುದನ್ನಾದರೂ ಬಿಡಬಾರದು. ರಿಟರ್ನ್ ತುಂಬುವ ಮುನ್ನ ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ನೋಡಬೇಕು. ಮನೆಸಾಲ, ಬಾಡಿಗೆ, ಇಬ್ಬರು ಮಕ್ಕಳ ಫೀಸು, ವಿಕಲಚೇತನ ಮಗು ಇರುವವರಿಗೆ ಹಳೆಯದು ಲಾಭವಾಗಬಹುದು, ಆದರೆ ಅದನ್ನು ಆರಿಸಿಕೊಳ್ಳಲು ಗಡುವಿನೊಳಗೆ ಸಲ್ಲಿಸಲೇಬೇಕು. ಶಾಲೆಯ ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಗಂಡಹೆಂಡಿರಿಬ್ಬರೂ ತೆರಿಗೆದಾರರಾದರೆ ಕಟ್ಟಿದವರು ತಾವು ಕಟ್ಟಿದಷ್ಟನ್ನು ಕಳೆಯಬಹುದು. ಸುಳ್ಳು ರಸೀದಿ ತಂದು ಕಳೆಯುವವನು ಮಾತ್ರ ಓಲೆಯಿಲ್ಲದೆ ಓಲೆಕಾರನ ಜಾಗದಲ್ಲಿ ಕೂತವನು. ಅವನಿಂದಾಗಿ ನಿಜವಾದ ಓಲೆಕಾರನೂ ದಡದಲ್ಲಿ ಅನುಮಾನಕ್ಕೆ ಒಳಗಾಗುತ್ತಾನೆ.

ಕೌಟಿಲ್ಯನ ಪಟ್ಟಿಯಲ್ಲಿ ಕೊನೆಯದಾಗಿ ನೋಡಬೇಕಾದದ್ದು ಆ ಮುದ್ರೆ. ವಿನಾಯಿತಿ ಎಲ್ಲ ಗರ್ಭಿಣಿಯರಿಗೂ ಇತ್ತು, ದಾಟುತ್ತಿದ್ದವಳು ಮುದ್ರೆಯಿದ್ದವಳು. ಮುದ್ರೆ ತರಲು ಅಧ್ಯಕ್ಷನ ಬಾಗಿಲಿಗೆ ಹೋಗುವಷ್ಟು ಬಲ ಯಾರಿಗಿತ್ತೋ ಅವರಿಗೆ ಹೊಳೆ ಪುಕ್ಕಟೆ. ಇಂದಿನ ಮುದ್ರೆಯ ಹೆಸರು ಫಾರ್ಮ್ 16, ಪ್ಯಾನು, ಫೀಸಿನ ರಸೀದಿ, ಊರ ಪೇಟೆಯ ಸಿಎ ಕಚೇರಿ. ಸಂಬಳದ ಮನೆಗೆ ಇವೆಲ್ಲ ಸುಲಭ, ಬೋಟಿನ ಮನೆಗೆ ಒಂದೂ ಇಲ್ಲ. ಗರ್ಭಿಣಿಯನ್ನು ರೋಗಿಯ ಪಕ್ಕ ಕೂರಿಸಿದರೆ ಮುದ್ರೆ ಕೇಳುವುದು ಸಹಜ, ಕನಿಕರಕ್ಕೆ ಯೋಗ್ಯರೋ ಎಂದು ಪರೀಕ್ಷಿಸಬೇಕಲ್ಲ. ಓಲೆಕಾರನ ಪಕ್ಕ ಕೂರಿಸಿದರೆ ಪ್ರಶ್ನೆಯೇ ತಿರುಗುತ್ತದೆ. ಅವಳು ಹೊತ್ತ ಓಲೆ ನಾಳಿನ ನಾಡಿಗೆ ಹೋಗಬೇಕಾದದ್ದು, ಅದು ಒದ್ದೆಯಾಗದಂತೆ ದಾಟಿಸುವುದು ಅಂಬಿಗನ ಕೆಲಸ. ಮಗುವಿನ ಹುಟ್ಟು ದಾಖಲಾದ ದಿನವೇ ಅದರ ಪಾಲಿನ ಮುದ್ರೆಯೂ ಅಚ್ಚಾಗುವಂತೆ, ಅಪ್ಪನ ಆದಾಯ ಎಷ್ಟೆಂದು ಕೇಳದೆ ತಾಯಿಯ ಖಾತೆಗೆ ಸೇರುವಂತೆ ಮಾಡಲು ಬೇಕಾದ ಕಾಗದಪತ್ರ ಸರ್ಕಾರದ ಬಳಿ ಈಗಲೇ ಇದೆ. ಬೇಕಾಗಿರುವುದು ಅವಳನ್ನು ಎಲ್ಲಿ ಕೂರಿಸುತ್ತೇವೆ ಎಂಬ ತೀರ್ಮಾನವೊಂದೇ.